ಬೇಳೆಸಿಪ್ಪೆಯಷ್ಟು

ಗುರುವಾರ ಕಾರಿನ ಹಿಂದಿನ ಸೀಟಿನಡಿ ಉರುಳಿಹೋದದ್ದು
ಶನಿವಾರ ಸಿಕ್ಕಿತು: ನಿಹಿರಾಳ ಸಿಪ್ಪರ್,
ಮೈಮೇಲೆ ಹಸಿರು ಆಮೆ.
ಆಗಸ್ಟಿನ ಸೂರ್. ಮುಚ್ಚಿದ ಕಾರು.
ಅರ್ಧ ಲೋಟ ಹಾಲು ಎರಡು ಹಗಲಲ್ಲಿ
ಏನಾಗಿತ್ತೆಂದು ಹೇಳಲಾರೆ, ನೀವು ಊಟ ಮಾಡುವವರು.

ಬಿಸಾಡು, ಅಂದಳು ಜಲಜಾಕ್ಷಿ,
ಡ್ಯೂಟಿಯ ಬೂಟಿಗೆ ಲೇಸು ಕಟ್ಟುತ್ತ.
ಒಂದೂವರೆ ರಿಯಾಲು, ಹೊಸದು ತಂದರಾಯ್ತು.
ತಂದೆ. ಹಳದಿ ಆನೆಯದ್ದು.
ಮಗಳು ನ್ಯಾಯಾಧೀಶೆಯಂತೆ ಹಿಂದೆ ಮುಂದೆ ನೋಡಿ
ನೆಲಕ್ಕೆ ಬಿಟ್ಟಳು.

ಸರಿ, ತೊಳೆದೆ. ಸಾಬೂನಿನ ಘಮ ಒಂದು ಗಂಟೆ ನಿಂತಿತು.
ಆಮೇಲೆ ಮುಚ್ಚಳ ತೆಗೆದರೆ ಅದೇ:
ಹುಳಿ, ಅದರ ಕೆಳಗೆ ಒದ್ದೆ ಚಾಪೆ,
ಅದರ ಕೆಳಗೆ ಹೆಸರಿಲ್ಲದ್ದು.
ಮೊಯ್ದು ಕಾಕನ ಅಂಗಡಿಯ ಸೋಡಾಪುಡಿ, ಬಿಸಿನೀರಲ್ಲಿ ರಾತ್ರಿಯಿಡೀ.
ವಿನೆಗರ್. ಆಗ ಹಾಲಿಗೆ ಉಪ್ಪಿನಕಾಯಿ ಭರಣಿಯ ಗಾಳಿ.
ಒಂದು ಹಿಡಿ ಕುಚ್ಚಲಕ್ಕಿ ಹಾಕಿ ಕುಲುಕಿದೆ,
ಗಿಲಕಿಯೆಂದು ಮಗಳು ಕುಣಿದಳು; ಅದೊಂದು ಲಾಭ.
ಬಾಲ್ಕನಿಯಲ್ಲಿ ಬೋರಲಿಟ್ಟೆ.
ಒಣಹಾಕಿದ ಅಂಗಿಯ ಬಣ್ಣ ನುಂಗುವ ಬಿಸಿಲು
ಇದೊಂದನ್ನು ಮುಟ್ಟದೆ ದಾಟಿಹೋಯಿತು.

ಫೋನಿನಲ್ಲಿ ಅಂಕೋಲೆಯ ಅತ್ತೆ ನಕ್ಕರು:
ನಮ್ಮ ಕಾಲಕ್ಕೆ ಒಳಲೆ ಇತ್ತು ಮಾರಾಯಾ,
ಒಂದು ತುಟಿ, ಒಂದು ಹೊಟ್ಟೆ, ಬೂದಿ ಹಾಕಿ ಉಜ್ಜಿದರೆ ಮುಗೀತು.
ಗುಟ್ಟು ಇಟ್ಟುಕೊಳ್ಳಲು ಅದಕ್ಕೆ ಜಾಗವೇ ಇರಲಿಲ್ಲ.

ಕೆಳಮನೆಯ ಉಮ್ ಸಲೀಂ ಒಮ್ಮೆ ಮೂಸಿ, ಕಣ್ಣು ಮುಚ್ಚಿ,
ಕೆಂಡದ ಮೇಲೆ ಲುಬಾನಿನ ಹರಳೆರಡು ಉದುರಿಸಿ
ಹೊಗೆಗೆ ಸಿಪ್ಪರನ್ನು ಬೋರಲು ಹಿಡಿದರು.
ಅವರ ಅಜ್ಜಿ ಕುಡಿಯುವ ನೀರಿನ ಹೂಜಿಗೆ ಹೀಗೇ ಮಾಡುತ್ತಿದ್ದರಂತೆ.
ಆ ಸಂಜೆ ಹಾಲು ಮದುವೆಮನೆಯಂತೆ ಘಮಘಮಿಸಿತು.
ಮಗಳು ಒಂದು ಗುಟುಕು ಕುಡಿದು ಸೀನಿದಳು.
ಬೆಳಗಾಗುವಷ್ಟರಲ್ಲಿ ಹೊಗೆಯ ಸೆರಗು ಸರಿದು
ಒಳಗೆ ಅದೇ, ಚಕ್ಕಳಮಕ್ಕಳ ಹಾಕಿ ಕೂತಿತ್ತು.

ನನ್ನ ಕೆಲಸ ಏನೆಂದು ಹೇಳಬೇಕು ಈಗ.
ಸಮುದ್ರವನ್ನು ಒಳಗೆಳೆದು, ಉಪ್ಪು ಹಿಂಡಿ ತೆಗೆದು
ಊರಿಗೆ ಕುಡಿಸುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಕೊಳವೆಗಳೊಳಗೆ ಸುರುಳಿ ಸುತ್ತಿದ ಪೊರೆಗಳು, ಸಾವಿರಾರು.
ಲೋಳೆ ಕಟ್ಟಿದರೆ ಮುಳ್ಳು ಕೆಂಪಿಗೆ ವಾಲುತ್ತದೆ;
ನಿಂಬೆಯ ಹುಳಿ ಬೆರೆತ ನೀರು ಬಿಟ್ಟು ಗಂಟೆಗಟ್ಟಲೆ ತೊಳೆಯುತ್ತೇವೆ.
ಹೊಸ ಹುಡುಗರಿಗೆ ಪಾಠ ಹೇಳುವವನು ನಾನೇ:
ಕೊಳೆ ಕೊಳವೆಯಲ್ಲಿರುವುದಿಲ್ಲ ತಮ್ಮಾ, ಪೊರೆಯಲ್ಲಿ...

ಬುಧವಾರ ನಸುಕು ಮೂರೂವರೆಗೆ
ಇದನ್ನೇ ಹೇಳುತ್ತಿದ್ದವನು ಅರ್ಧಕ್ಕೆ ನಿಂತೆ.
ಆಮೇಲೆ ಸಾರ್? ಅಂದ ಬಾಬುಲ್.

ಮನೆಗೆ ಬಂದು, ಹೆಲ್ಮೆಟ್ಟೂ ತೆಗೆಯದೆ, ಮೂತಿಯೊಳಗೆ ಉಗುರಿಟ್ಟು ಎಳೆದೆ.
ಬಂತು: ಬಿಳಿ ರಬ್ಬರಿನ ಕವಾಟ, ಬೇಳೆಸಿಪ್ಪೆಯಷ್ಟು.
ಅದು ಬಿಚ್ಚುತ್ತದೆಂದೇ ಗೊತ್ತಿರಲಿಲ್ಲ.
ಅದರ ಬೆನ್ನಿಗೆ ಗುರುವಾರ ಹಾಗೇ ಇತ್ತು,
ಬೂದುಬಣ್ಣದ ಒಂದು ಗೆರೆಯಾಗಿ.
ಹಳೆ ಬ್ರಶ್ಶು, ಒಂದು ನಿಂಬೆಹೋಳು. ಐದು ನಿಮಿಷ.

ನಾನು ಬರುವುದು, ಅವಳು ಹೊರಡುವುದು;
ನಡುವೆ ನಮಗೆ ದಿನಕ್ಕೆ ಇಪ್ಪತ್ತು ನಿಮಿಷ,
ಮಾತೆಂದರೆ ಗ್ಯಾಸು, ಬಾಡಿಗೆ, ಮಗಳ ಜ್ವರ.
ಇವತ್ತು ಸಿಂಕಿನ ಮುಂದೆ ತಲೆಗೆ ತಲೆ ತಾಗಿಸಿ
ಇಬ್ಬರೂ ಸಿಪ್ಪರಿನೊಳಗೆ ಮೂಗಿಟ್ಟೆವು.
ಏನೂ ಇಲ್ಲ, ಅಂದಳು.
ಏನೂ ಇಲ್ಲ, ಅಂದೆ.
ಅವಳ ಕೂದಲಲ್ಲಿ ಆಸ್ಪತ್ರೆಯ ಸ್ಪಿರಿಟ್ಟು, ಅದರಡಿ ತೆಂಗಿನೆಣ್ಣೆ.
ಈದ್ ರಜೆಯ ನಂತರ ಇಷ್ಟು ಹತ್ತಿರ ಬಂದದ್ದು ಇದೇ.
ಕೆಳಗೆ ವ್ಯಾನು ಹಾರ್ನ್ ಹೊಡೆಯಿತು.

ನಿಹಿರಾ ಎದ್ದಳು. ಹಾಲು ತುಂಬಿಸಿ ಕೊಟ್ಟೆ.
ಮೂಸಿದಳು. ಆಮೆಯನ್ನು ತಿರುಗಿಸಿ ನೋಡಿದಳು.
ಇದು ನನ್ನದಲ್ಲ ಎಂಬಂತೆ ತಲೆಯಾಡಿಸಿ
ತುಂಬಿದ್ದನ್ನು ಹಾಗೇ ಸೋಫಾದಡಿ ಉರುಳಿಸಿಬಿಟ್ಟಳು.

ಮಂಡಿಯೂರಿ ಕೈ ಚಾಚಿದ್ದೇನೆ.
ಎಟುಕುತ್ತಿಲ್ಲ.